ಮುಳುಗಿದ ಹಡಗಿಗೂ ಉಸಿರಿನ ಕಾಟ

ಕೇಳುಗರೇ, ನಮಸ್ಕಾರ.

1911ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯಲ್ಲಿ ಯೊಂಗಾಲಾ ಎಂಬ ಉಗಿಹಡಗು ಚಂಡಮಾರುತಕ್ಕೆ ಸಿಕ್ಕಿ ಮುಳುಗಿತು. ಹಡಗಿನಲ್ಲಿದ್ದ 122 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ವೈರ್‌ಲೆಸ್ ಇರಲಿಲ್ಲ. ಮುಂದೆ ಬಿರುಗಾಳಿ ಇದೆ ಅಂತ ಹೇಳುವ ದಾರಿಯೇ ಇರಲಿಲ್ಲ. ಕಡಲ ತಳದಲ್ಲಿ ಸಿಕ್ಕ ಹಡಗು ಅದೇ ಅಂತ ಖಚಿತವಾಗಿದ್ದು 1958ರಲ್ಲಿ.

ಈಗ ಸ್ಕೂಬಾ ಡೈವಿಂಗ್, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ನೀರಿನೊಳಗೆ ಈಜುವುದು, ಮಾಡುವವರು ದೂರದ ಊರುಗಳಿಂದ ಅಲ್ಲಿಗೆ ಹೋಗುತ್ತಾರೆ. ಹಡಗು ನೋಡೋಕೆ ಹೋಗ್ತಾರೋ, ಹವಳ ನೋಡೋಕೋ, ಹೇಳುವುದು ಕಷ್ಟ. ಸುತ್ತ ಬರೀ ಮರಳು. ಹವಳದ ಮರಿಗಳು ಮರಳಿನ ಮೇಲೆ ನೆಲೆ ನಿಲ್ಲಲಾರವು, ಗಟ್ಟಿ ಜಾಗ ಬೇಕು. ಅಂಥ ಕಡೆ 109 ಮೀಟರ್ ಉದ್ದದ ಕಬ್ಬಿಣ ಬಂದು ಬಿತ್ತು. ಹವಳ ಹತ್ತಿತು, ಮೀನು ಬಂತು, ಆಮೆ, ಕಡಲ ಹಾವು ಎಲ್ಲ ಬಂದವು.

ಆದರೆ ಹಡಗಿನ ಒಳಗೆ ಹೋಗುವ ಹಾಗಿಲ್ಲ. ಸುತ್ತ ಈಜಬಹುದು, ಅಷ್ಟೇ. ಅದು ಸತ್ತವರ ಸಮಾಧಿ, ಅದೊಂದು ಕಾರಣ. ಇನ್ನೊಂದು ಕಾರಣ ನಮ್ಮ ಉಸಿರು. ಡೈವರ್ ಬಿಡುವ ಗುಳ್ಳೆಗಳು ಬಯಲಿನಲ್ಲಾದರೆ ಮೇಲೆ ಹೋಗಿಬಿಡುತ್ತವೆ. ಹಡಗಿನ ಒಳಗೆ ಬಿಟ್ಟರೆ ಚಾವಣಿಗೆ ತಗುಲಿ ಅಲ್ಲೇ ನಿಲ್ಲುತ್ತವೆ. ನಾವು ಬಿಟ್ಟ ಉಸಿರಿನಲ್ಲೂ ಶೇಕಡ 16ರಷ್ಟು ಆಮ್ಲಜನಕ ಉಳಿದಿರುತ್ತದೆ. ಅದು ಸಿಕ್ಕ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ತಗಡು ಕಳಚಿತು ಅಂದರೆ ಅದರ ಹೊರಮೈಗೆ ಹತ್ತಿದ ಹವಳವೂ ಹೋಯಿತು. ಏನನ್ನೂ ಮುಟ್ಟದೆ, ಸುಮ್ನೆ ಉಸಿರಾಡಿಯೇ ಹಾಳು ಮಾಡಬಹುದು, ನೋಡಿ!

ಕೆಂಪು ಸಮುದ್ರದ ಥಿಸಲ್‌ಗಾರ್ಮ್ ಕಥೆ ಬೇರೆ. 1941ರಲ್ಲಿ ಜರ್ಮನ್ ವಿಮಾನಗಳ ಬಾಂಬಿಗೆ ಮುಳುಗಿದ ಬ್ರಿಟಿಷ್ ಹಡಗು ಅದು. ಒಳಗೆ ಸೈನ್ಯದ ಲಾರಿಗಳು, ಮೋಟಾರ್‌ಸೈಕಲ್‌ಗಳು ಇವತ್ತಿಗೂ ಸಾಲಾಗಿ ನಿಂತಿವೆ. ಅಲ್ಲಿ ಜನ ಒಳಗೂ ಹೋಗುತ್ತಾರೆ. ಪ್ರವಾಸಿ ದೋಣಿಗಳು ಹಗ್ಗವನ್ನು ಹಡಗಿಗೇ ಕಟ್ಟಿ ಎಳೆದಾಡಿದ್ದರಿಂದ ಕೆಲವು ಭಾಗಗಳು ಮುರಿದವು. ನೆನಪಿಗೆ ಇರಲಿ ಅಂತ ಬಿಡಿಭಾಗ ಎತ್ತಿಕೊಂಡು ಹೋದವರೂ ಇದ್ದಾರೆ. ಅದಕ್ಕೆ ನಾನು ಕಳ್ಳತನ ಅಂತಲೇ ಹೇಳುತ್ತೇನೆ.

ಹಳೆ ಹಡಗು ಮುಳುಗಿಸಿದರೆ ಸಾಕು, ಹವಳ ತಾನೇ ಬೆಳೆಯುತ್ತೆ ಅನ್ನುವವರಿದ್ದಾರೆ. ಪೆಸಿಫಿಕ್‌ನ ಪಾಲ್ಮೈರಾ ಹವಳದ್ವೀಪದಲ್ಲಿ 1991ರಲ್ಲಿ ಒಂದು ಮೀನುಗಾರಿಕೆ ಹಡಗು ಮುಳುಗಿತು. ಆಮೇಲೆ ಅದರ ಸುತ್ತ ಹವಳವನ್ನೇ ಮುಚ್ಚಿ ಸಾಯಿಸುವ ಬೇರೊಂದು ಜೀವಿ ಹಬ್ಬಿತು. ಹಡಗಿನ ಕಬ್ಬಿಣವೇ ಅದಕ್ಕೆ ಪುಷ್ಟಿ ಕೊಟ್ಟಿತು ಎಂಬುದು ವಿಜ್ಞಾನಿಗಳ ಅನುಮಾನ. ಕೊನೆಗೆ ಆ ಹಡಗನ್ನೇ ಅಲ್ಲಿಂದ ತೆಗೆಸಬೇಕಾಯಿತು.

ಹೋಗುವ ಮನಸ್ಸಿದ್ದವರು ಮೊದಲು ಕಲಿಯಬೇಕಾದದ್ದು ನೀರಿನಲ್ಲಿ ಏಳದೆ ಮುಳುಗದೆ ತೇಲುವುದು. ಇದು ಬಾರದವರ ಕಾಲಿನ ರೆಕ್ಕೆ ಹವಳಕ್ಕೆ ಬಡಿಯುತ್ತದೆ. ಬಂಡೆಯಂತೆ ಬೆಳೆಯುವ ಹವಳಗಳು ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್ ಬೆಳೆಯುತ್ತವೆ. ಒಂದು ಒದೆತದ ನಷ್ಟ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಮೂವತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನ ನಾಲ್ಕು ಪಟ್ಟು. ಸಿಲಿಂಡರ್ ಗಾಳಿಯೂ ಅಷ್ಟೇ ಬೇಗ ಖಾಲಿ. ಗಾಬರಿಯಾದರೆ ಇನ್ನೂ ಬೇಗ.

ಕೆರಿಬಿಯನ್‌ನ ಬೊನೇರ್ ದ್ವೀಪದ ನಿಯಮ ನನಗೆ ಮೆಚ್ಚುಗೆ. ಅಲ್ಲೂ 1984ರಲ್ಲಿ ಮುಳುಗಿದ ಹಿಲ್ಮಾ ಹೂಕರ್ ಎಂಬ ಹಡಗಿದೆ, ಗಾಂಜಾ ಸಾಗಿಸುತ್ತಿದ್ದ ಹಡಗು. ಎಷ್ಟೇ ಅನುಭವ ಇದ್ದವರಾಗಲಿ, ದ್ವೀಪಕ್ಕೆ ಬಂದ ಮೇಲೆ ಮೊದಲು ಒಂದು ಪರೀಕ್ಷೆಯ ಡೈವ್ ಮಾಡಬೇಕು. ಕೈಗವಸು ಹಾಕುವ ಹಾಗಿಲ್ಲ. ಹಾಕಿಕೊಂಡರೆ ಕಂಡದ್ದನ್ನೆಲ್ಲ ಹಿಡಿಯುವ ಧೈರ್ಯ ಬರುತ್ತೆ, ಅಲ್ವಾ?

ನಮಸ್ಕಾರ.