ಕಿಂಗ್ ಕೈಬಿಟ್ಟ ಗೆಳೆಯ

ಕೇಳುಗರೇ, ನಮಸ್ಕಾರ.

ಮಾರ್ಟಿನ್ ಲೂಥರ್ ಕಿಂಗ್ ಎಂದೊಡನೆ ನೆನಪಾಗುವುದು ವಾಷಿಂಗ್ಟನ್ನಿನ ಆ ಭಾಷಣ. 1963ರ ಆಗಸ್ಟ್ 28ರಂದು ಅಲ್ಲಿ ಸುಮಾರು ಎರಡೂವರೆ ಲಕ್ಷ ಜನ ಸೇರಿದ್ದರು. ಅಷ್ಟು ಜನ ಬರುವ ಬಸ್ಸಿನಿಂದ ಹಿಡಿದು ವೇದಿಕೆಯ ಧ್ವನಿವರ್ಧಕದವರೆಗೆ ಎಲ್ಲವನ್ನೂ ಮುಂದೆ ನಿಂತು ಹೊಂದಿಸಿದವರು ಬೇಯಾರ್ಡ್ ರಸ್ಟಿನ್. ಈ ಇಬ್ಬರ ನಡುವೆ ನಡೆದದ್ದನ್ನು ಇವತ್ತು ಹೇಳಬೇಕೆನಿಸಿದೆ.

1956ರಲ್ಲಿ ಅಮೆರಿಕದ ದಕ್ಷಿಣದ ಊರಾದ ಮಾಂಟ್ಗಮರಿಯ ಕಪ್ಪು ಜನ, ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡಬೇಕೆಂಬ ನಿಯಮವನ್ನು ಪ್ರತಿಭಟಿಸಿ, ಕಿಂಗ್ ಮುಂದಾಳತ್ವದಲ್ಲಿ ಬಸ್ಸು ಹತ್ತುವುದನ್ನೇ ಬಿಟ್ಟಿದ್ದರು. ಕಿಂಗ್ ಮನೆಗೆ ಬಾಂಬು ಬಿತ್ತು. ಒಳಗೆ ಹೆಂಡತಿ ಕೊರೆಟ್ಟಾ, ಎರಡು ತಿಂಗಳ ಕೂಸು. ಆಮೇಲೆ ಮನೆಯಲ್ಲಿ ಬಂದೂಕು ಇದ್ದರೆ ಯಾರು ತಾನೇ ತಪ್ಪು ಹೇಳಿಯಾರು? ಹೇಳಿದವರು ರಸ್ಟಿನ್. ಭಾರತಕ್ಕೆ ಬಂದು ಗಾಂಧೀಜಿಯ ಅನುಯಾಯಿಗಳನ್ನು ಕಂಡುಹೋಗಿದ್ದ ಅವರು, ಕಿಂಗ್‌ಗಿಂತ ಹದಿನೇಳು ವರ್ಷ ದೊಡ್ಡವರು. ಅಹಿಂಸೆಯೆಂದರೆ ಬರೀ ಉಪಾಯವಲ್ಲ, ಬದುಕು ಎಂದು ಅವರು ಮನಗಾಣಿಸಿದರು.

ರಸ್ಟಿನ್ ಸಲಿಂಗಪ್ರೇಮಿ. 1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದಕ್ಕಾಗಿಯೇ ಜೈಲು ಕಂಡಿದ್ದರು. 1960ರಲ್ಲಿ ಆ್ಯಡಮ್ ಕ್ಲೇಟನ್ ಪೊವೆಲ್ ಎಂಬ ಕಪ್ಪು ಸಂಸದರೇ ಕಿಂಗ್‌ಗೆ ಬೆದರಿಕೆ ಹಾಕಿದರು: ಡೆಮಾಕ್ರಟಿಕ್ ಪಕ್ಷದ ಸಮಾವೇಶದೆದುರು ಮಾಡಬೇಕೆಂದಿರುವ ಪ್ರತಿಭಟನೆ ಕೈಬಿಡದಿದ್ದರೆ ನಿನಗೂ ರಸ್ಟಿನ್‌ಗೂ ಸಂಬಂಧವಿದೆಯೆಂದು ಸಾರುತ್ತೇನೆ ಎಂದು. ಅದು ಹಸಿ ಸುಳ್ಳು. ಆದರೂ ಕಿಂಗ್ ಹೆದರಿದರು. ರಸ್ಟಿನ್ ತಮ್ಮ ಬಳಿಯ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗ ಬೇಡವೆನ್ನಲಿಲ್ಲ. ಬಾಂಬಿಗೆ ಅಳುಕದ ಎದೆ ಊರ ಬಾಯಿಗೆ ಅಳುಕಿತು. ಕಿಂಗ್ ಅವರನ್ನು ಬಹಳ ಪ್ರೀತಿಸುವ ನನಗೆ ಈ ಪ್ರಸಂಗ ಇಂದಿಗೂ ನೋವು ಕೊಡುತ್ತದೆ.

1963ರಲ್ಲಿ, ವಾಷಿಂಗ್ಟನ್ ಸಭೆಗೆ ಮುನ್ನ, ವರ್ಣಭೇದದ ಪರವಾಗಿದ್ದ ಸೆನೆಟರ್ ಸ್ಟ್ರಾಮ್ ಥರ್ಮಂಡ್ ಅದೇ ಹಳೆಯ ಬಂಧನದ ಕಡತವನ್ನು ಸದನದಲ್ಲಿ ಎತ್ತಿದರು. ಹಿರಿಯ ಕಾರ್ಮಿಕ ನಾಯಕ ಎ. ಫಿಲಿಪ್ ರ್‍ಯಾಂಡಾಲ್ಫ್ ರಸ್ಟಿನ್ ಬೆನ್ನಿಗೆ ನಿಂತರು. ಕಿಂಗ್ ಕೂಡ ಈ ಸಲ ಕೈಬಿಡಲಿಲ್ಲ.

ಮರುವರ್ಷ ಕಿಂಗ್ ಸರದಿ ಬಂತು. ಅವರಿಗೆ ಪರಸ್ತ್ರೀಯರ ಸಂಗವಿತ್ತು. ಇದನ್ನು ಅವರ ಆಪ್ತ ರಾಲ್ಫ್ ಅಬರ್ನಾಥಿಯೇ ಮುಂದೆ ಬರೆದಿದ್ದಾರೆ. ಅಮೆರಿಕ ಸರ್ಕಾರದ ತನಿಖಾ ಸಂಸ್ಥೆ ಎಫ್‌ಬಿಐ ಹೋಟೆಲ್ ಕೋಣೆಗಳಲ್ಲಿ ಕದ್ದು ಧ್ವನಿಮುದ್ರಿಸಿ, ಆ ಟೇಪನ್ನು ಹೆಸರಿಲ್ಲದ ಕಾಗದದೊಡನೆ ಕಳಿಸಿತು. 34 ದಿನ ಕೊಟ್ಟಿದ್ದೇವೆ, ನಿನಗೆ ಉಳಿದಿರುವುದು ಒಂದೇ ದಾರಿ ಎಂದಿತ್ತು ಅದರಲ್ಲಿ. ಸಾಯಿ ಎಂಬುದೇ ಅದರ ಅರ್ಥವೆಂದು ಕಿಂಗ್ ತಿಳಿದರು. 1965ರ ಜನವರಿಯಲ್ಲಿ ಆ ಪೊಟ್ಟಣ ಬಿಚ್ಚಿದವರು ಕೊರೆಟ್ಟಾ. ಗಂಡನ ತಪ್ಪು, ಸರ್ಕಾರದ ಕ್ರೌರ್ಯ ಎರಡೂ ಒಟ್ಟಿಗೆ ಬಂದು ಬಿದ್ದದ್ದು ಆ ಹೆಣ್ಣಿನ ಮಡಿಲಿಗೆ.

1968ರ ಮಾರ್ಚ್ 3, ಭಾನುವಾರ. ಅಟ್ಲಾಂಟಾದ ತಮ್ಮ ಚರ್ಚಿನಲ್ಲಿ ಕಿಂಗ್ ಜನರೆದುರು ನಿಂತು ಹೇಳಿದರು: ನಾನು ಸಂತನಲ್ಲ, ದೇವರ ಎಲ್ಲ ಮಕ್ಕಳಂತೆ ನಾನೂ ಪಾಪಿ. ಆದರೆ ಒಳ್ಳೆಯ ಮನುಷ್ಯನಾಗಬೇಕೆಂಬ ಆಸೆಯಿದೆ.

ಒಂದು ತಿಂಗಳ ಮೇಲೆ ಒಂದು ದಿನಕ್ಕೆ ಮೆಂಫಿಸ್‌ನಲ್ಲಿ ಗುಂಡು ತಗುಲಿತು. ಆಗ ಅವರಿಗೆ 39 ವರ್ಷ.

ನಮಸ್ಕಾರ.