ಕಾದಂಬರಿ ಅನ್ನೋದು ಒಬ್ಬ ಹುಡುಗಿಯ ಹೆಸರು

ನಮಸ್ಕಾರ ರೀ ಎಲ್ಲರಿಗೂ. ಗುಳೇದಗುಡ್ಡದಿಂದ ಒಬ್ಬ ಅಕ್ಕಾವ್ರು ಮೆಸೇಜ್ ಮಾಡಿದ್ದರು. ಅವರ ಮಗಳ ಹೆಸರು ಕಾದಂಬರಿ, ಏಳನೇ ಕ್ಲಾಸು. ಶಾಲೆಯಲ್ಲಿ ಹುಡುಗರು "ನೀನು ಎಷ್ಟು ಪುಟ ಇದ್ದೀ?" ಅಂತ ಕಾಡಿಸ್ತಾರಂತೆ. ಅವಳು ಮನೆಗೆ ಬಂದು, "ಅವ್ವಾ, ನನಗೆ ಯಾಕೆ ಪುಸ್ತಕದ ಹೆಸರಿಟ್ಟಿ?" ಅಂತ ಅತ್ತಳಂತೆ. ಅಕ್ಕಾವ್ರು ನನ್ನನ್ನು ಕೇಳಿದ್ದು, ಇದಕ್ಕೆ ಏನು ಉತ್ತರ ಹೇಳಲಿ ಅಂತ.

ಅಕ್ಕಾ, ಉತ್ತರ ಬಹಳ ಚಂದ ಇದೆ. ಮೊದಲು ಹುಡುಗಿ, ಆಮೇಲೆ ಪುಸ್ತಕ. ಪುಸ್ತಕಗಳಿಗೆಲ್ಲ ಆ ಹುಡುಗಿಯ ಹೆಸರು ಬಂತು!

ಗಡಿಬಿಡಿಯಲ್ಲಿ ಹಿನ್ನೆಲೆ ಹೇಳಿಬಿಡ್ತೀನಿ. ಏಳನೇ ಶತಮಾನ. ಉತ್ತರದಲ್ಲಿ ಹರ್ಷವರ್ಧನ ರಾಜ. ಅವನ ಆಸ್ಥಾನದಲ್ಲಿ ಬಾಣಭಟ್ಟ. ಬಾಣ ಸಂಸ್ಕೃತದಲ್ಲಿ ಒಂದು ದೊಡ್ಡ ಗದ್ಯಕಥೆ ಬರೆದ, ಅದರ ನಾಯಕಿ ಗಂಧರ್ವರಾಜನ ಮಗಳು ಕಾದಂಬರಿ. ಒಂದು ಗಿಳಿ ರಾಜನ ಮುಂದೆ ಕಥೆ ಹೇಳುತ್ತೆ, ಗಿಳಿಯ ಕಥೆಯೊಳಗೆ ಋಷಿ ಹೇಳಿದ ಕಥೆ, ಅದರೊಳಗೆ ಇನ್ನೊಬ್ಬಳು ಹೇಳುವ ಕಥೆ, ಕೊನೆಗೆ ನೋಡಿದರೆ ಕಥೆ ಕೇಳುತ್ತ ಕೂತ ರಾಜನೇ ಹಿಂದಿನ ಜನ್ಮದಲ್ಲಿ ಆ ಕಥೆಯ ನಾಯಕ. ಜನ್ಮ ಬದಲಾದರೂ ಪ್ರೀತಿ ಬಿಡಲ್ಲ. ಇಷ್ಟು ಸಾಕು, ಉಳಿದದ್ದು ಓದಿಯೇ ತಿಳೀಬೇಕು.

ಇಂಗ್ಲಿಷಿನ ನಾವೆಲ್ ನಮ್ಮ ದೇಶಕ್ಕೆ ಬಂದಾಗ ಒಂದೊಂದು ಭಾಷೆಯೂ ಅದಕ್ಕೊಂದು ಹೆಸರು ಹುಡುಕಿತು. ತೆಲುಗಿನವರು ನವಲ ಅಂದರು, ಗುಜರಾತಿಯವರು ನವಲಕಥಾ. ಹಿಂದಿ, ಬಂಗಾಳಿಯವರು ಉಪನ್ಯಾಸ ಅಂದರು. ಹೌದ್ರೀ, ಉಪನ್ಯಾಸ! ನಮ್ಮ ಕಾಲೇಜಿನ ಬೋರ್ಡ್ ಮೇಲೆ "ಇಂದು ವಿಶೇಷ ಉಪನ್ಯಾಸ" ಅಂತ ಬರೆದಿದ್ದನ್ನು ಹಿಂದಿಯವರು ಓದಿದರೆ, ಇವತ್ತು ಯಾವುದೋ ವಿಶೇಷ ಕಾದಂಬರಿ ಬಂದಿದೆ ಅಂದುಕೊಳ್ಳಬೇಕು. ಕನ್ನಡದವರು, ಮರಾಠಿಯವರು ಮಾತ್ರ ಬಾಣನ ಹುಡುಗಿಯ ಹೆಸರನ್ನೇ ಎತ್ತಿಕೊಂಡು ಇಟ್ಟರು. ಒಬ್ಬ ಲೇಖಕನ ಪಾತ್ರ ಗಾದೆಯಾಗೋದು, ಬೈಗುಳ ಆಗೋದು ಎಲ್ಲಾ ಕಡೆ ಇದೆ. ಒಂದು ಪಾತ್ರದ ಹೆಸರು ಇಡೀ ಸಾಹಿತ್ಯ ಪ್ರಕಾರಕ್ಕೇ ಹೆಸರಾಗೋದು ಸಣ್ಣ ಮಾತಲ್ಲ. "ಬಾಣೋಚ್ಛಿಷ್ಟಂ ಜಗತ್ ಸರ್ವಂ" ಅಂತ ಹಳಬರ ಮಾತಿದೆ, ಜಗತ್ತೆಲ್ಲ ಬಾಣ ಉಂಡು ಬಿಟ್ಟ ಎಂಜಲು ಅಂತ. ಈ ಹೆಸರಿನ ವಿಷಯದಲ್ಲಿ ಆ ಮಾತು ಅಕ್ಷರಶಃ ನಿಜ.

ಈಗ ನನಗೆ ಬಹಳ ಇಷ್ಟವಾದ ಜಾಗಕ್ಕೆ ಬಂದೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ.

ಬಾಣ ಕಥೆ ಮುಗಿಸಲಿಲ್ಲ. ಅರ್ಧಕ್ಕೇ ತೀರಿಕೊಂಡ. ಮಗ ಭೂಷಣಭಟ್ಟ ಮುಂದೆ ಬರೆದು ಮುಗಿಸಿದ. ಅಪ್ಪ ಅಂಥಾ ದೊಡ್ಡವನು, ಅವನ ವಾಕ್ಯಗಳು ಒಂದೊಂದು ಪುಟಗಟ್ಟಲೆ ಓಡುತ್ತವೆ. ಆ ಪುಸ್ತಕಕ್ಕೆ ಮಗ ಕೈ ಹಾಕಬೇಕು. ಹೆದರಿಕೆ ಆಗಲ್ವಾ? ಶುರುವಿನಲ್ಲೇ ಅವನು ಏನು ಹೇಳ್ತಾನೆ ಅಂದರೆ, ಈ ಜನರೆಲ್ಲ ಕಾದಂಬರಿಯ ರಸ ಕುಡಿದು ಮತ್ತರಾಗಿದ್ದಾರೆ, ಇವರಿಗೆ ಏನೂ ಗೊತ್ತಾಗಲ್ಲ, ಹಾಗಾಗಿ ರಸವೂ ಇಲ್ಲದ ಬಣ್ಣವೂ ಇಲ್ಲದ ನನ್ನ ಮಾತು ಜೋಡಿಸೋಕೆ ನನಗೆ ಹೆದರಿಕೆ ಇಲ್ಲ. ಸಂಸ್ಕೃತದಲ್ಲಿ ಕಾದಂಬರಿ ಅಂದರೆ ಒಂದು ಥರದ ಮದ್ಯ ಅಂತಾನೂ ಅರ್ಥ ಇದೆ. ಕಥೆಯಲ್ಲಿ ಕಾದಂಬರಿಯ ತಾಯಿಯ ಹೆಸರೇ ಮದಿರಾ. ಆ ಎರಡರ್ಥ ಹಿಡಿದುಕೊಂಡೇ ಮಗ ಅಪ್ಪನಿಗೆ ಕೈ ಮುಗಿದಿದ್ದಾನೆ.

ನಮ್ಮ ಇಳಕಲ್ ಸೀರೆ ಮಗ್ಗ ನೋಡಿದವರಿಗೆ ಇದು ತಟ್ಟನೆ ತಿಳಿಯುತ್ತೆ. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಎಳೆಗೆ ಸೆರಗಿನ ಕೆಂಪು ಎಳೆಯನ್ನು ಒಂದಕ್ಕೊಂದು ಕುಣಿಕೆ ಹಾಕಿ ಸೇರಿಸ್ತಾರೆ. ಕೂತು ನೋಡಿ ಒಮ್ಮೆ, ಎಳೆ ಎಣಿಸಿ ಎಣಿಸಿ ಬೆರಳು ಹೇಗೆ ಓಡುತ್ತೆ ಅಂತ. ಒಂದು ಎಳೆ ತಪ್ಪಿದರೆ ಸೆರಗು ಜಗ್ಗುತ್ತೆ. ಉಟ್ಟುಕೊಂಡವರ ಹೆಗಲ ಮೇಲೆ ಮಾತ್ರ ಅದು ಒಂದೇ ಸೀರೆ. ಭೂಷಣಭಟ್ಟ ಮಾಡಿದ್ದು ಆ ಕುಣಿಕೆಯ ಕೆಲಸ. ಬಣ್ಣ ಇಲ್ಲ ಅಂತ ತಾನೇ ಹೇಳಿಕೊಂಡ, ಆದರೆ ಅವನಿಲ್ಲದಿದ್ದರೆ ನಮಗೆ ಸೆರಗಿಲ್ಲದ ಸೀರೆ ಸಿಗುತ್ತಿತ್ತು. ಬಾಣನ ಹೆಸರು ಹೇಳೋರು ಸಾವಿರ ಜನ ಇದ್ದಾರೆ, ಈ ಮಗನ ಹೆಸರು ಹೇಳೋರು ಕಡಿಮೆ. ಅದು ನನಗೆ ಬೇಜಾರು.

[ಐಹೊಳೆ, ಮೇಗುತಿ ಗುಡಿಯ ಗೋಡೆ]

ಬಾಗಲಕೋಟೆಯವನು ಬಾಣನ ಬಗ್ಗೆ ಮಾತಾಡೋಕೆ ಇಲ್ಲಿಗೇ ಬರಬೇಕು. ಈ ಶಾಸನ 634ರದ್ದು, ಬರೆದವನು ರವಿಕೀರ್ತಿ. ಸಂಸ್ಕೃತ ಪದ್ಯ, ನಮ್ಮ ಹಳೆಯ ಲಿಪಿ. ಬಾದಾಮಿಯ ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ಸೋಲಿಸಿದ್ದು ಇಲ್ಲಿ ಇದೆ. ಕೇಳಿ: "ಭಯವಿಗಲಿತಹರ್ಷೋ ಯೇನ ಚಾಕಾರಿ ಹರ್ಷಃ". ಇವನಿಂದಾಗಿ ಹರ್ಷನ ಹರ್ಷವೇ ಭಯದಿಂದ ಕರಗಿಹೋಯಿತು. ಅದೇ ಹರ್ಷ, ಬಾಣನ ದಣಿ! ಬಾಣ ಅವನ ಮೇಲೆ "ಹರ್ಷಚರಿತ" ಅಂತ ಇಡೀ ಪುಸ್ತಕ ಬರೆದ, ಈ ಸೋಲಿನ ಕಥೆ ಅದರಲ್ಲಿ ಬರೋದೇ ಇಲ್ಲ. ಅದನ್ನು ಹೇಳಿದ್ದು ನಮ್ಮ ಕಲ್ಲು. ದಣಿಯನ್ನು ನಮ್ಮವರು ನರ್ಮದೆಯ ಆಚೆಗೇ ತಡೆದು ನಿಲ್ಲಿಸಿದರು. ಅವನ ಕವಿಯ ಹುಡುಗಿಯನ್ನು ಮಾತ್ರ ಯಾರೂ ತಡೆಯಲಿಲ್ಲ, ಅವಳು ನದಿ ದಾಟಿ ಬಂದು ನಮ್ಮ ಭಾಷೆಯಲ್ಲೇ ಮನೆ ಮಾಡಿದಳು.

ಟೈಮ್ ಆಗ್ತಾ ಬಂತು, ಉಳಿದದ್ದನ್ನು ಒಟ್ಟಿಗೇ ಹೇಳ್ತೀನಿ. ಹತ್ತನೇ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮ ಬಾಣನ ಈ ಕಥೆಯನ್ನೇ ಕನ್ನಡಕ್ಕೆ ತಂದು "ಕರ್ನಾಟಕ ಕಾದಂಬರಿ" ಬರೆದ, ಅಂದರೆ ನಾವೆಲ್ ಅನ್ನೋ ಪದ ಕೇಳೋಕೆ ಎಷ್ಟೋ ನೂರು ವರ್ಷ ಮೊದಲೇ ಕನ್ನಡಕ್ಕೆ ಇವಳ ಪರಿಚಯ ಇತ್ತು. ಮರಾಠಿಯ ಮೊದಲ ಕಾದಂಬರಿ ಅಂತ ಹೇಳೋ "ಯಮುನಾ ಪರ್ಯಟನ" 1857ರಲ್ಲಿ ಬಂತು, ಬರೆದ ಬಾಬಾ ಪದ್ಮನಜಿ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ. ಕನ್ನಡದಲ್ಲಿ 1899ಕ್ಕೆ ಗುಲ್ವಾಡಿ ವೆಂಕಟರಾಯರ "ಇಂದಿರಾಬಾಯಿ". ಆಮೇಲೆ ನಮ್ಮ ಉತ್ತರ ಕರ್ನಾಟಕದ ಗಳಗನಾಥರು, ಪುಸ್ತಕದ ಗಂಟು ಹೊತ್ತುಕೊಂಡು ಊರೂರು ತಿರುಗಿ ಕಾದಂಬರಿ ಮಾರಿದವರು. ಅವರ ಮೇಲೆ ಬೇರೆ ವಿಡಿಯೋನೇ ಮಾಡ್ತೀನಿ.

ಈಗ ಗುಳೇದಗುಡ್ಡದ ಪುಟ್ಟಿಗೆ. ಕಾದಂಬರಿ, ನಿನ್ನ ಹೆಸರಿನವಳು ಎಂಥವಳು ಗೊತ್ತಾ? ಅವಳಿಗೆ ಮಹಾಶ್ವೇತೆ ಅಂತ ಒಬ್ಬ ಗೆಳತಿ. ಪ್ರೀತಿಸಿದವನನ್ನು ಕಳೆದುಕೊಂಡು ಆಕೆ ಸರೋವರದ ದಂಡೆಯಲ್ಲಿ ತಪಸ್ಸಿಗೆ ಕೂತಿರ್ತಾಳೆ. ಗೆಳತಿ ದುಃಖದಲ್ಲಿ ಇರೋ ತನಕ ನಾನೂ ಮದುವೆ ಆಗಲ್ಲ ಅಂತ ನಿನ್ನ ಹೆಸರಿನವಳು ಹಠ ಹಿಡೀತಾಳೆ. ಅಪ್ಪ ಅವ್ವ ಎಷ್ಟು ಹೇಳಿದರೂ ಕೇಳಲ್ಲ. ನಾಳೆ ಹುಡುಗರು ಎಷ್ಟು ಪುಟ ಅಂತ ಕೇಳಿದರೆ ಅವರನ್ನು ಕೂರಿಸಿಕೊಂಡು ಗಿಳಿಯಿಂದ ಶುರು ಮಾಡಿ ಹೇಳು.