ಮೊದಲು ಹೇಳಿ, ಆಮೇಲೆ ಹೆಬ್ಬೆಟ್ಟು

ಈಗ ನನ್ನ ಕ್ಯಾಮೆರಾದಲ್ಲಿ ನೀವು ನೋಡ್ತಿರೋದು ಮುಳಶಿ ಜಲಾಶಯ. ಪುಣೆಯಿಂದ ಪಶ್ಚಿಮಕ್ಕೆ, ಸಹ್ಯಾದ್ರಿಯ ಮಡಿಲಲ್ಲಿದೆ. ಜುಲೈ ತಿಂಗಳು. ಲೆನ್ಸ್ ಒರೆಸಿದಷ್ಟೂ ಹನಿ ಕೂರ್ತಾನೇ ಇದೆ, ಅದಕ್ಕೇ ಸ್ವಲ್ಪ ಮಸುಕು. ಮೊದಲ ಸಲ ಈ ದಡದಲ್ಲಿ ನಿಂತಾಗ ನನಗೆ ಊರಿನ ಹಿನ್ನೀರೇ ಕಣ್ಣಿಗೆ ಬಂತು.

ನಾನು ಸಾಗರ ತಾಲ್ಲೂಕಿನವಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನೀರು ನಿಂತಾಗ ನಮ್ಮಜ್ಜನ ಮನೆ, ಗದ್ದೆ, ಅಡಿಕೆ ತೋಟ ಎಲ್ಲಾ ಒಳಗೆ ಹೋಯ್ತು. ನಮ್ಮ ಕಡೆ ಇದಕ್ಕೆ ಒಂದೇ ಮಾತು, ಮುಳುಗಡೆ. "ಅವರು ಮುಳುಗಡೆಯವರು" ಅಂದ್ರೆ ಸಾಕು, ಮುಂದಿನದು ಯಾರೂ ಕೇಳಲ್ಲ.

ಈ ವರ್ಷ ಪುಣೆಯ ಒಂದು ಮಾನವ ಹಕ್ಕುಗಳ ಸಂಸ್ಥೆಯಲ್ಲಿ ಇಂಟರ್ನ್ ಆಗಿದ್ದೀನಿ. ಕಲ್ಲಿದ್ದಲು ಬಿಟ್ಟು ಸೂರ್ಯ, ಗಾಳಿ, ನೀರಿನ ಕರೆಂಟಿಗೆ ಹೋಗ್ತಿದ್ದೀವಲ್ಲ, ಆ ದಾರಿಯಲ್ಲಿ ಆದಿವಾಸಿಗಳ ನೆಲಕ್ಕೆ, ಹಕ್ಕಿಗೆ ಏನಾಗ್ತಿದೆ ಅಂತ ನೋಡೋದು ನಮ್ಮ ತಂಡದ ಕೆಲಸ. ಸೋಲಾರ್ ಬೇಡ, ಗಾಳಿಯಂತ್ರ ಬೇಡ ಅನ್ನೋಳು ನಾನಲ್ಲ. ಮಳೆ ತಪ್ಪಿದರೆ, ಕಾಡು ಒಣಗಿದರೆ ಮೊದಲು ಏಟು ಬೀಳೋದು ಇದೇ ಜನಕ್ಕೆ. ಆದ್ರೆ 2022ರಲ್ಲಿ ನೇಚರ್ ಸಸ್ಟೈನಬಿಲಿಟಿ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಓದಿದ ದಿನ ನನಗೆ ಊಟ ಸೇರಲಿಲ್ಲ. ಬ್ಯಾಟರಿಗೆ, ಸೋಲಾರಿಗೆ, ಗಾಳಿಯಂತ್ರಕ್ಕೆ ಬೇಕಾದ ಲೋಹಗಳ 5,097 ಗಣಿ ಯೋಜನೆಗಳನ್ನ ಅವರು ಲೆಕ್ಕ ಹಾಕಿದ್ದಾರೆ. ಅದರಲ್ಲಿ ಶೇ. 54ರಷ್ಟು ಇರೋದು ಮೂಲನಿವಾಸಿಗಳ ನೆಲದ ಮೇಲೆ, ಇಲ್ಲಾ ಅದರ ಪಕ್ಕದಲ್ಲಿ.

ನನಗೆ ಸಿಕ್ಕ ಮೊದಲ ಕೆಲಸ ಅನುವಾದ. 2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆ ಒಪ್ಪಿದ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತೆ. ಭಾರತವೂ ಆ ಘೋಷಣೆಯ ಪರ ಮತ ಹಾಕಿದೆ. ಆ ಮಾತನ್ನ ಕನ್ನಡಕ್ಕೆ ತಂದೆ: ಒತ್ತಾಯವಿಲ್ಲದ, ಮುಂಚಿತವಾದ, ತಿಳಿದು ಕೊಟ್ಟ ಒಪ್ಪಿಗೆ. ಒಂದು ರಾತ್ರಿ ಇದನ್ನ ದೊಡ್ಡಮ್ಮನಿಗೆ ಓದಿ ಹೇಳಿದೆ. ಕರ್ವೆನಗರದಲ್ಲಿ ಅವರ ಮನೆಯಲ್ಲೇ ಇದ್ದೀನಿ. ಪುಣೆಗೆ ಬಂದು ನಲವತ್ತು ವರ್ಷ ಆಗಿದ್ರೂ ಅವರ ಮಾತಿನಲ್ಲಿ ಇನ್ನೂ ಮಲೆನಾಡೇ ಇದೆ. ಅವರೆಕಾಳು ಸುಲೀತಾ ಇದ್ದರು. ಕೈ ನಿಂತಿತು.

"ಅಪ್ಪಯ್ಯಂಗೆ ಓದಕ್ಕೆ ಬರಿಯಕ್ಕೆ ಬರ್ತಿತ್ತು ಕಣೆ," ಅಂದ್ರು. "ಯಕ್ಷಗಾನದ ಪ್ರಸಂಗ ಓದ್ತಿದ್ರು. ಪರಿಹಾರದ ಕಾಗದಕ್ಕೆ ಕರೆದಾಗ ಸಹಿ ಮಾಡ್ತೀನಿ ಅಂದ್ರಂತೆ. ಅಲ್ಲಿದ್ದೋನು ಕೇಳಲೇ ಇಲ್ಲ, ಕೈ ಹಿಡಿದು ಹೆಬ್ಬೆಟ್ಟು ಒತ್ತಿಸಿಬಿಟ್ಟ. ಮನೆಗೆ ಬಂದು ಬಚ್ಚಲಲ್ಲಿ ಕೂತು ಬೂದಿ ಹಾಕಿ ತಿಕ್ಕಿದ್ರು, ತಿಕ್ಕಿದ್ರು. ನೇರಳೆ ಬಣ್ಣ ಹೋಗಲೇ ಇಲ್ಲ. ನಂಗಾಗ ಆರು ವರ್ಷ."

ಈ ಮಾತು ನಮ್ಮನೆಯಲ್ಲಿ ಇಷ್ಟು ದಿನ ಯಾರೂ ಆಡಿರಲಿಲ್ಲ. ನಮ್ಮಜ್ಜ ಆದಿವಾಸಿ ಅಲ್ಲ, ಆ ಘೋಷಣೆ ಅವರಿಗಾಗಿ ಬರೆದದ್ದೂ ಅಲ್ಲ. ಆದರೂ ಆಮೇಲೆ ಕಡತ ಓದುವಾಗೆಲ್ಲ ನನ್ನ ಕಣ್ಣು 'ಮುಂಚಿತ' ಅನ್ನೋ ಪದದ ಮೇಲೇ ನಿಲ್ಲುತ್ತೆ.

ನಾರ್ವೆಯ ಫೋಸೆನ್ ನೋಡಿ. ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನ ಹಿಮಸಾರಂಗ ಮೇಯಿಸ್ತಾರೆ. ಅವರ ಚಳಿಗಾಲದ ಹುಲ್ಲುಗಾವಲಿನಲ್ಲೇ ಗಾಳಿಯಂತ್ರಗಳು ಎದ್ದವು, ಎರಡು ಕಡೆ ಸೇರಿ 151. 2021ರ ಅಕ್ಟೋಬರ್ 11ರಂದು ನಾರ್ವೆಯ ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿತು: ಇದು ಸಾಮಿಗಳ ಸಂಸ್ಕೃತಿಯ ಹಕ್ಕಿನ ಉಲ್ಲಂಘನೆ, ಕೊಟ್ಟ ಪರವಾನಗಿ ಸಿಂಧುವಲ್ಲ. ಗೆದ್ದರು. ಆದ್ರೆ ಅಷ್ಟರಲ್ಲಿ ಯಂತ್ರಗಳು ತಿರುಗ್ತಾ ಇದ್ದವು. ತೀರ್ಪು ಬಂದು 500 ದಿನವಾದರೂ ಏನೂ ಬದಲಾಗದೆ, 2023ರಲ್ಲಿ ಸಾಮಿ ಯುವಕ ಯುವತಿಯರು ಓಸ್ಲೋದ ಇಂಧನ ಸಚಿವಾಲಯದೊಳಗೇ ಹೋಗಿ ಕೂತರು. ಆಮೇಲೆ ಪರಿಹಾರದ ಒಪ್ಪಂದಗಳಾದವು. ಕಂಬಗಳು ಇವತ್ತಿಗೂ ಅಲ್ಲೇ ನಿಂತಿವೆ.

ಇನ್ನು ನಮ್ಮ ಒಡಿಶಾದ ನಿಯಮಗಿರಿ. ಅಲ್ಲಿ ಬಾಕ್ಸೈಟ್ ಇದೆ. ಅದರಿಂದ ಅಲ್ಯೂಮಿನಿಯಂ ಆಗುತ್ತೆ, ಸೋಲಾರ್ ಫಲಕದ ಚೌಕಟ್ಟಿಗೂ ವಿದ್ಯುತ್ ತಂತಿಗೂ ಅದೇ ಬೇಕು. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟು, ಗಣಿ ಬೇಕೋ ಬೇಡವೋ ಗ್ರಾಮಸಭೆಗಳೇ ತೀರ್ಮಾನ ಮಾಡಲಿ ಅಂದಿತು. ಹನ್ನೆರಡು ಹಳ್ಳಿಗಳಲ್ಲಿ ಸಭೆ ನಡೀತು. ಅಲ್ಲಿನ ಆದಿವಾಸಿಗಳಾದ ಡೋಂಗ್ರಿಯಾ ಕೊಂಧರು ಅದು ನಮ್ಮ ದೇವರು ನಿಯಮರಾಜನ ಬೆಟ್ಟ ಅಂದರು. ಹನ್ನೆರಡಕ್ಕೆ ಹನ್ನೆರಡೂ ಬೇಡ ಅಂದವು. ಬೆಟ್ಟ ಉಳೀತು, ಯಾಕಂದ್ರೆ ಅಗೆಯೋ ಮುಂಚೆ ಕೇಳಿದ್ರು.

ಕಾಗದದಲ್ಲಿ ಈ 'ಮುಂಚೆ' ಎಷ್ಟು ಸುಲಭವಾಗಿ ಹಿಂದಕ್ಕೆ ಸರಿಯುತ್ತೆ ಅಂತ ನನಗೆ ಇಲ್ಲಿಗೆ ಬಂದ ಮೇಲೇ ಗೊತ್ತಾದದ್ದು. 2006ರ ಅರಣ್ಯ ಹಕ್ಕು ಕಾಯ್ದೆ ಇದೆ. 2009ರ ಸುತ್ತೋಲೆ ಪ್ರಕಾರ ಅರಣ್ಯ ಭೂಮಿ ಬೇಕು ಅಂತ ಪ್ರಸ್ತಾವ ಕಳಿಸುವಾಗಲೇ ಗ್ರಾಮಸಭೆಯ ಒಪ್ಪಿಗೆ ಪತ್ರ ಜೊತೆಗಿರಬೇಕಿತ್ತು. 2022ರ ನಿಯಮಗಳಲ್ಲಿ ಕೇಂದ್ರದ ಅನುಮೋದನೆ ಮೊದಲು ಬಂತು. ಅರಣ್ಯ ಹಕ್ಕು ನೋಡಿಕೊಳ್ಳೋದು ಆಮೇಲೆ, ರಾಜ್ಯದ ಹೊಣೆ ಆಯ್ತು. ಮೇಲಿನವರು ಆಯ್ತು ಅಂದ ಮೇಲೆ ಕೆಳಗಿನವರ ಹತ್ರ ಏನು ಕೇಳ್ತಾರೆ?

ಮತ್ತೆ ಮುಳಶಿಗೆ ಬರ್ತೀನಿ. ಈ ನೀರು ಘಟ್ಟದ ಕೆಳಗೆ ಭೀರಾದಲ್ಲಿ ಇಳಿದು ಮುಂಬೈಗೆ ಕರೆಂಟ್ ಕೊಡುತ್ತೆ. ಇಲ್ಲಿನ ಅಣೆಕಟ್ಟಿನ ವಿರುದ್ಧ 1921ರ ರಾಮನವಮಿಯ ದಿನ ಇಲ್ಲಿನ ರೈತರು ಸತ್ಯಾಗ್ರಹಕ್ಕೆ ಕೂತರು. ಮುಂದಾಳತ್ವ ವಹಿಸಿದ ಪಾಂಡುರಂಗ ಮಹಾದೇವ ಬಾಪಟರನ್ನ ಜನ ಸೇನಾಪತಿ ಅಂತ ಕರೆದರು. ಕೂತಾಗ ಅಣೆಕಟ್ಟಿನ ಕೆಲಸ ಆಗಲೇ ಶುರುವಾಗಿತ್ತು. ಮೂರು ವರ್ಷ ಹೋರಾಡಿ ಸೋತರು. ನೂರು ವರ್ಷದ ಮೇಲೆ ಈಗ ಅದೇ ಘಟ್ಟದಲ್ಲಿ ಪಂಪ್ಡ್ ಸ್ಟೋರೇಜ್ ಮಾತು. ಹಗಲು ಸೋಲಾರ್ ಕರೆಂಟ್ ಹೆಚ್ಚಾದಾಗ ಕೆಳಗಿನ ನೀರನ್ನ ಮೇಲಕ್ಕೆ ಎತ್ತೋದು, ಸಂಜೆ ಬಿಡೋದು. ಪುಣೆ ಜಿಲ್ಲೆಯ ಶಿರವಟಾದಲ್ಲಿ 1,800 ಮೆಗಾವ್ಯಾಟ್. ನಮ್ಮ ಶರಾವತಿಯಲ್ಲಿ, ತಲಕಳಲೆ ಮತ್ತು ಗೇರುಸೊಪ್ಪದ ನಡುವೆ 2,000. ನಕ್ಷೆ ಎರಡನ್ನೂ ಅಕ್ಕಪಕ್ಕ ಇಟ್ಟು ತುಂಬಾ ಹೊತ್ತು ಕೂತಿದ್ದೆ.

ಇದು ಒಂದು ಕಾತಕರಿ ವಾಡಿ, ಅಂದ್ರೆ ಸಣ್ಣ ಕೇರಿ. ಊರ ಹೆಸರು ಹೇಳಲ್ಲ. ಮಹಾರಾಷ್ಟ್ರದಲ್ಲಿ ಅತಿ ದುರ್ಬಲ ಅಂತ ಗುರುತಿಸಿರೋ ಆದಿವಾಸಿ ಸಮುದಾಯಗಳಲ್ಲಿ ಕಾತಕರಿಗಳೂ ಒಬ್ಬರು. ಎಷ್ಟೋ ಮನೆಗಳಿಗೆ ಗೋಡೆ ನಿಂತ ಜಾಗವೂ ಸ್ವಂತ ಹೆಸರಲ್ಲಿಲ್ಲ. ಇಲ್ಲಿ ಒಂದು ಸಭೆ ನೋಡಿದೆ. ಬಂದವರು ಬಾಗಿಲಲ್ಲೇ ಹಾಜರಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿ ಒಳಗೆ ಕೂತರು. ಯಾವ ಯೋಜನೆ, ಎಷ್ಟು ನೆಲ ಅನ್ನೋದೆಲ್ಲ ಅರ್ಧ ಗಂಟೆ ಕಳೆದ ಮೇಲೆ ಶುರುವಾಯ್ತು. ಎಲ್ಲರ ಗುರುತೂ ಅಷ್ಟರಲ್ಲಿ ಪುಸ್ತಕದಲ್ಲಿತ್ತು. ನನಗೆ ಮೈ ಉರೀತು.

ಅದೇ ಸಂಜೆ ನಾನು ಮಾಡಿದ್ದನ್ನೂ ಹೇಳಬೇಕು. ಒಬ್ಬ ಅಜ್ಜಿ ಹಳ್ಳದಿಂದ ಏಡಿ ಹಿಡಿದು ತಂದಿದ್ದರು. ಏಡಿಯ ಕೊಂಬು ಮಡಚಿ ಹುಲ್ಲಿನ ಎಳೆಯಲ್ಲಿ ಒಂದೊಂದನ್ನೇ ಕಟ್ಟಿ ಬುಟ್ಟಿಗೆ ಹಾಕ್ತಿದ್ರು. ಕತ್ತಲಾಗ್ತಿತ್ತು, ಕೊನೆ ಬಸ್ಸಿನ ಚಿಂತೆ. ಅವರನ್ನ ಮಾತಾಡಿಸಬೇಕಂತ ಪಕ್ಕದಲ್ಲಿ ಕೂತು, ಚೀಲದಿಂದ ಸಂದರ್ಶನದ ಒಪ್ಪಿಗೆ ಪತ್ರ ತೆಗೆದು ಇಂಕಿನ ಪ್ಯಾಡ್ ಮುಂದೆ ಹಿಡಿದೆ. ಅದರಲ್ಲಿ ಏನಿದೆ ಅಂತ ಇನ್ನೂ ಒಂದು ಮಾತು ಹೇಳಿರಲಿಲ್ಲ.

ಅವರು ಪ್ಯಾಡ್ ನೋಡಿದ್ರು, ನನ್ನ ಮುಖ ನೋಡಿದ್ರು. ಮೆತ್ತಗೆ ಅಂದ್ರು: "ಆಧೀ ಸಾಂಗಾ, ಮಗ ಅಂಗಠಾ." ಮೊದಲು ಹೇಳಿ, ಆಮೇಲೆ ಹೆಬ್ಬೆಟ್ಟು.

ನನಗೆ ಬಚ್ಚಲಲ್ಲಿ ಕೂತ ಅಜ್ಜನೇ ಕಂಡ ಹಾಗಾಯ್ತು. ಕ್ಷಮೆ ಕೇಳಿ ಪ್ಯಾಡ್ ಒಳಗಿಟ್ಟೆ. ಮುಂದಿನ ಭಾನುವಾರ ದೊಡ್ಡಮ್ಮನನ್ನೂ ಕರ್ಕೊಂಡು ಹೋದೆ, ಅವರ ಮರಾಠಿ ನನ್ನದಕ್ಕಿಂತ ಚೆನ್ನಾಗಿದೆ. ಪೂರ್ತಿ ಪತ್ರ ಓದಿ ಹೇಳಿದ್ವಿ. ಯಾರು ನೋಡ್ತಾರೆ, ಎಲ್ಲಿ ಬರುತ್ತೆ, ಬೇಡ ಅಂದ್ರೆ ಏನೂ ಆಗಲ್ಲ ಅನ್ನೋದನ್ನೂ ಹೇಳಿದ್ವಿ. ಅಜ್ಜಿ ಎಲೆ ಅಡಿಕೆ ಹಾಕ್ಕೊಂಡು ಎಲ್ಲಾ ಕೇಳಿಸಿಕೊಂಡರು. ಎರಡು ಪ್ರಶ್ನೆ ಕೇಳಿದರು. ಆಮೇಲೆ ಮುಖ ಬೇಡ, ಮಾತೂ ಬೇಡ ಅಂದರು. ಬುಟ್ಟಿ ಬೇಕಾದ್ರೆ ತಗೋ ಅಂದರು.

ಇದೇ ಆ ಬುಟ್ಟಿ.